ಏಳನೇ ದಿನದ ಗಾಳಿ

ಡ್ರಾಯಿಂಗ್ ಮೇಷ್ಟ್ರು ನಾಲ್ಕನೇ ಮಹಡಿಯ ಬಾಗಿಲು ಬಡಿದಾಗ ಬೆಳಗಿನ ಹತ್ತು ಗಂಟೆಯೂ ಆಗಿರಲಿಲ್ಲ. ಕರೆಗಂಟೆ ಇರುವುದೇ ಮರೆತುಹೋಗಿ ಎರಡೂ ಕೈಯಿಂದ ಬಡಿದರು. ಲಿಫ್ಟಿಗೆ ಕಾಯುವಷ್ಟು ತಾಳ್ಮೆಯಿಲ್ಲದೆ ಎರಡನೇ ಮಹಡಿಯಿಂದ ಮೆಟ್ಟಿಲು ಹತ್ತಿ ಬಂದಿದ್ದರಿಂದ ಮಾತಿಗಿಂತ ಮೊದಲು ಏದುಸಿರೇ ಹೊರಬಂತು.

"ಅಕ್ಕಾ, ನನ್ನ ಮಗಳನ್ನ ಕಳ್ಳಿ ಅಂತಿದಾರೆ."

ಬಾಗಿಲು ತೆರೆದವರು ಕತ್ತರಿ ದೊಡ್ಡಮ್ಮ. ಮೂವತ್ತೈದು ವರ್ಷ ಸಿನಿಮಾ ರೀಲು ಕತ್ತರಿಸಿ ಅಂಟಿಸಿ ನಿವೃತ್ತರಾದ ಎಡಿಟರ್. ಆ ಕಟ್ಟಡದಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಗೂಬೆ ಕೂರಿಸಿದರೂ ಜನ ಮೊದಲು ಬರುತ್ತಿದ್ದದ್ದು ಅವರ ಬಾಗಿಲಿಗೆ. ನೀರಿನ ಮೋಟಾರು ಕದ್ದವನನ್ನು ಹಿಡಿದದ್ದೂ ಅವರೇ, ಮೂರನೇ ಮಹಡಿಯ ಮುದುಕರಿಗೆ ಬೆದರಿಕೆ ಪತ್ರ ಬರೆಯುತ್ತಿದ್ದವನು ಆ ಮುದುಕರದೇ ಒಡಹುಟ್ಟಿದ ಅಣ್ಣ ಎಂದು ತೋರಿಸಿಕೊಟ್ಟದ್ದೂ ಅವರೇ. ಎರಡೂ ಸಲ ದೊಡ್ಡಮ್ಮನ ಬೆನ್ನ ಹಿಂದೆ ಮೆಟ್ಟಿಲು ಹತ್ತಿ ಇಳಿದು, ಅನುಮಾನದವರ ಮುಖವನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ತಿರುಗಿದವರು ಮೇಷ್ಟ್ರು. ಆಗೆಲ್ಲ ಮಜವಾಗಿತ್ತು. ಊರವರ ಗೋಳು ಕೇಳುವುದಕ್ಕೆ ಮಜವಾಗಿಯೇ ಇರುತ್ತದೆ. ಈಗ ತಮ್ಮ ಮಗಳ ತಲೆಗೇ ಬಂದಾಗ ಅವರಿಗೆ ಕೈಕಾಲು ಆಡದಂತಾಗಿತ್ತು.

ದೊಡ್ಡಮ್ಮ ಕೂರಲು ಹೇಳಿದರು. ಮೇಷ್ಟ್ರು ಕೂರಲಿಲ್ಲ. ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡುತ್ತಲೇ ಒಂದಕ್ಕೊಂದು ಸಂಬಂಧವಿಲ್ಲದಂತೆ ಹೇಳಿದ್ದನ್ನು ದೊಡ್ಡಮ್ಮ ಪ್ರಶ್ನೆ ಕೇಳಿ ಕೇಳಿ ನೆಟ್ಟಗೆ ಜೋಡಿಸಿಕೊಂಡರು.

ಎರಡನೇ ಮಹಡಿಯ ಸ್ಟುಡಿಯೋದಲ್ಲಿ ಪ್ರವಾಸದ ವಿಡಿಯೋಗಳು ತಯಾರಾಗುತ್ತಿದ್ದವು. ಅದರ ಒಡೆಯನೇ ವಿಡಿಯೋಗಳ ನಾಯಕನೂ ಆಗಿದ್ದ. ಕೆಂಪು ಜಾಕೆಟ್ ಹಾಕಿಕೊಂಡು ಊರೂರು ಸುತ್ತುವ ಅವನನ್ನು ನೋಡುಗರೆಲ್ಲ 'ಸಂಚಾರಿ' ಎಂದೇ ಕರೆಯುತ್ತಿದ್ದರು. ಕ್ಯಾಮೆರಾ ಹಿಡಿಯುತ್ತಿದ್ದವನು ಅವನ ಭಾಮೈದ, ಎಂದರೆ ಹೆಂಡತಿಯ ತಮ್ಮ. ಅವರು ತಂದದ್ದನ್ನು ಕತ್ತರಿಸಿ ಕತೆಯಾಗಿ ಕೂಡಿಸುತ್ತಿದ್ದವಳು ಮೇಷ್ಟ್ರ ಮಗಳು ಪುಟ್ಟಿ. ಹನ್ನೊಂದು ದಿನ ಕಾಲ್ನಡಿಗೆಯಲ್ಲಿ ಒಂದು ಬೆಟ್ಟಸಾಲು ದಾಟಿದ ಕತೆಯನ್ನು ಅವಳು ನಾಲ್ಕು ತಿಂಗಳು ಕೂತು ಎಡಿಟ್ ಮಾಡಿದ್ದಳು. ಅದನ್ನು ಒಂದು ದೊಡ್ಡ ಚಾನೆಲ್ ತೆಗೆದುಕೊಳ್ಳಲು ಒಪ್ಪಿತ್ತು. ಒಂದೇ ಷರತ್ತು: ಸಿದ್ಧವಾದ ಚಿತ್ರದ ಜೊತೆಗೆ ಹನ್ನೊಂದು ದಿನ ತೆಗೆದ, ಕತ್ತರಿಸದ ಕಚ್ಚಾ ಚಿತ್ರಗಳನ್ನೂ ಪೂರ್ತಿ ಒಪ್ಪಿಸಬೇಕು, ಎಲ್ಲವೂ ನಿಜವೇ ಎಂದು ಅವರು ನೋಡಿಕೊಳ್ಳುತ್ತಾರೆ. ಚಾನೆಲ್ಲಿನವರು ಬರುವುದು ಇವತ್ತು ಸಂಜೆ ಐದಕ್ಕೆ. ಬೆಳಗ್ಗೆ ಕಪಾಟು ತೆರೆದರೆ ಕಚ್ಚಾ ಚಿತ್ರಗಳ ಡಿಸ್ಕ್ ಇಲ್ಲ, ಅದರ ನಕಲಿನ ಡಿಸ್ಕೂ ಇಲ್ಲ. ಬೀಗ ಮುರಿದಿಲ್ಲ. ಒಂದು ಕೀ ಪುಟ್ಟಿಯ ಹತ್ತಿರ, ಇನ್ನೊಂದು ಸಂಚಾರಿಯ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ.

"ಹೋದ ವಾರ ಚಿತ್ರದಲ್ಲಿ ತನ್ನ ಹೆಸರು ಹಾಕಿ ಅಂತ ಕೇಳಿದ್ಲು, ಅವನು ಆಗಲ್ಲ ಅಂದ. ಇಬ್ಬರಿಗೂ ಮಾತು ಬೆಳೀತು. ಅದನ್ನೇ ಹಿಡ್ಕೊಂಡು, ಸೇಡು ತೀರಿಸ್ಕೊಂಡಿದಾಳೆ ಅಂತಾನೆ. ಐದು ಗಂಟೆಗೆ ಚಾನೆಲ್ಲಿನವರ ಮುಂದೆ ಇವಳೇ ಕಳ್ಳಿ ಅಂತ ಹೇಳ್ತಾನಂತೆ. ಆಮೇಲೆ ಅವಳಿಗೆ ಯಾವ ಸ್ಟುಡಿಯೋದವರು ಕೆಲಸ ಕೊಡ್ತಾರೆ ಅಕ್ಕಾ? ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ, ಬೇಕಾಗೂ ಇಲ್ಲ."

ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡರು.

ಸ್ಟುಡಿಯೋ ಎಂದರೆ ಎರಡು ಕೋಣೆ. ಹೊರಗಿನದರಲ್ಲಿ ಮೇಜು, ಟ್ರೈಪಾಡ್‌ಗಳು, ಗೋಡೆಗೆ ತೂಗುಹಾಕಿದ ಕೆಂಪು ಜಾಕೆಟ್ಟು. ಒಳಗಿನದರಲ್ಲಿ ದೊಡ್ಡ ಪರದೆಯ ಕಂಪ್ಯೂಟರು ಮತ್ತು ಆ ಕಪಾಟು. ಕಾರಿಡಾರಿನ ಎದುರು ಬಾಗಿಲೇ ಸಂಚಾರಿಯ ಮನೆ. ಪುಟ್ಟಿ ಕಪಾಟಿನ ಪಕ್ಕ ಗೋಡೆಗೊರಗಿ ನಿಂತಿದ್ದಳು. ಅತ್ತಿರಲಿಲ್ಲ. ಆದರೆ ತುಟಿ ಕಚ್ಚಿ ಕಚ್ಚಿ ಕೆಂಪಾಗಿತ್ತು. ಮೇಷ್ಟ್ರು ಹೋಗಿ ಅವಳ ಪಕ್ಕ ನಿಂತರು.

ಸಂಚಾರಿ ಮೂರು ಫೋನು ಕೈಯಲ್ಲಿ ಹಿಡಿದು ಮೂರಕ್ಕೂ ಉತ್ತರ ಕೊಡದೆ ಒದ್ದಾಡುತ್ತಿದ್ದ. ಹಿರಿಯರೆಂದು ದೊಡ್ಡಮ್ಮನಿಗೆ ಮರ್ಯಾದೆ ಕೊಟ್ಟನೇ ಹೊರತು, ಐದು ಗಂಟೆಯ ಮಾತಿನಿಂದ ಒಂದಂಗುಲವೂ ಸರಿಯಲಿಲ್ಲ. ಬಾಗಿಲ ಬಳಿ ಅವನ ಹೆಂಡತಿ ಸೆರಗು ಹಿಂಡುತ್ತ ನಿಂತಿದ್ದಳು. "ಅವಳು ತಗೊಂಡಿರಲಿಕ್ಕಿಲ್ಲ ರೀ," ಎಂದು ಮೆಲ್ಲಗೆ ಒಂದು ಸಲ ಹೇಳಿದಳು. "ನಿನಗೇನು ಗೊತ್ತಾಗುತ್ತೆ?" ಎಂದು ಗಂಡ ಗದರಿದ. ಅಷ್ಟಾದರೂ ಹೇಳಿದಳಲ್ಲ ಎಂದು ಮೇಷ್ಟ್ರಿಗೆ ಆಕೆಯ ಮೇಲೆ ಪ್ರೀತಿ ಉಕ್ಕಿತು.

ಭಾಮೈದ ಹೊರಗಿಂದ ಬಂದ. ಸುದ್ದಿ ತಿಳಿದಿತ್ತು. ಯಾರ ಮುಖವನ್ನೂ ನೋಡದೆ ಕೋಣೆ ದಾಟಿ ಹೋಗಿ ಕಿಟಕಿಯ ಬಳಿ ನಿಂತ. ಮೇಷ್ಟ್ರ ಕೈ ಸುಮ್ಮನಿರಲಾರದೆ ನೋಟ್‌ಬುಕ್ ತೆಗೆದಿತ್ತು. ಬಾಗಿಲಿಂದ ಕಿಟಕಿಗೆ ಅವನು ನಡೆದದ್ದನ್ನು ನಾಲ್ಕು ಗೆರೆಯಲ್ಲಿ ಹಿಡಿದರು. ಬಲಗಾಲನ್ನು ಸ್ವಲ್ಪ ಹೊರಕ್ಕೆ ಎಸೆದು ಊರುವ ನಡಿಗೆ. ಎಂದೋ ಮುರಿದು ಕೂಡಿದ ಕಾಲಿರಬೇಕು.

ದೊಡ್ಡಮ್ಮ ಕಪಾಟಿನ ಒಳಗೆ ಇಣುಕಿ ನೋಡಿದರು. ಮೇಲಿನ ಅರೆ ಖಾಲಿ. ಕೆಳಗಿನ ಅರೆಯಲ್ಲಿ ಒಂದು ತಗಡಿನ ಡಬ್ಬಿ. ಮುಚ್ಚಳದ ಮೇಲೆ ಪುಟ್ಟಿಯ ಕೈಬರಹದಲ್ಲಿ 'ಮೌನ' ಎಂದಿತ್ತು.

"ಇದೇನಮ್ಮ?"

ಪುಟ್ಟಿ ವಿವರಿಸಿದಳು. ಅವರ ಸ್ಟುಡಿಯೋದಲ್ಲಿ ಸದ್ದನ್ನು ಬೇರೆ ಯಂತ್ರದಲ್ಲಿ ಹಿಡಿಯುತ್ತಾರೆ. ಪ್ರತಿ ಜಾಗದಲ್ಲೂ ಎಲ್ಲರೂ ಒಂದು ನಿಮಿಷ ಅಲುಗಾಡದೆ ನಿಂತು ಆ ಜಾಗದ ಬರಿಯ ಸದ್ದನ್ನು ತುಂಬಿಕೊಳ್ಳುತ್ತಾರೆ. ಎಡಿಟ್ ಮಾಡುವಾಗ ಚಿತ್ರಗಳ ಕೆಳಗೆ ಹಾಸಲು ಅದು ಬೇಕು. ಇಲ್ಲದಿದ್ದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಾಗ ಕಿವಿಗೆ ಎಡವಿದಂತಾಗುತ್ತದೆ. ಯಂತ್ರ ಹಿಡಿಯುವುದು ಯಾವಾಗಲೂ ಕ್ಯಾಮೆರಾದವನು. ನಿಮಿಷ ಮುಗಿದ ಮೇಲೆ ಎಷ್ಟನೇ ದಿನ, ಯಾವ ಜಾಗ ಎಂದು ಅವನೇ ಹೇಳಿ ನಿಲ್ಲಿಸುತ್ತಾನೆ. ಆ ಸದ್ದಿಗೆ ಅವಳಿಟ್ಟ ಹೆಸರು 'ಮೌನ', ದಿನಕ್ಕೊಂದರಂತೆ ಅದರ ಕಾರ್ಡುಗಳೆಲ್ಲ ಆ ಡಬ್ಬಿಯಲ್ಲಿದ್ದವು.

"ಇದನ್ನ ಯಾರೂ ಮುಟ್ಟಿಲ್ಲ," ಎಂದರು ದೊಡ್ಡಮ್ಮ. ಮುಟ್ಟದೆ ಇದ್ದದ್ದನ್ನು ಕಟ್ಟಿಕೊಂಡು ಏನಾಗಬೇಕು ಎಂದು ಮೇಷ್ಟ್ರಿಗೆ ಸಿಟ್ಟು ಬಂತು. ಗಡಿಯಾರ ಹನ್ನೊಂದು ದಾಟಿತ್ತು.

ಸಿದ್ಧವಾದ ಚಿತ್ರ ಕಂಪ್ಯೂಟರಿನಲ್ಲೇ ಇತ್ತು. ದೊಡ್ಡಮ್ಮ ಅದನ್ನು ಮೊದಲಿನಿಂದ ಕೊನೆಯವರೆಗೆ, ಐವತ್ತೆರಡು ನಿಮಿಷ, ಅಲುಗದೆ ನೋಡಿದರು. ಮೇಷ್ಟ್ರು ಅಷ್ಟರಲ್ಲಿ ಏಳು ಸಲ ಎದ್ದು ಏಳು ಸಲ ಕೂತರು. ಆದರೂ ಒಂದು ಕಡೆ ಅವರಿಗೂ ಮೈ ಮರೆಯಿತು. ಏಳನೇ ದಿನ ಸಂಚಾರಿ ಒಬ್ಬನೇ ಕಡಿದಾದ ಬೆಟ್ಟ ಹತ್ತುವ ಭಾಗ. ಹುಲ್ಲು ತುಂಬಿದ ಇಳಿಜಾರು, ದೂರದಲ್ಲಿ ಬೆನ್ನು ಮಾಡಿ ಏರುತ್ತಿರುವ ಕೆಂಪು ಜಾಕೆಟ್ಟು, ಕಿವಿಗಡಚಿಕ್ಕುವ ಗಾಳಿ. ಮಗಳು ಇಷ್ಟು ಚೆನ್ನಾಗಿ ಕೆಲಸ ಕಲಿತದ್ದು ಯಾವಾಗ ಎಂದು ಅವರ ಕಣ್ಣು ತುಂಬಿತು.

ಚಿತ್ರ ಮುಗಿದ ಮೇಲೆ ದೊಡ್ಡಮ್ಮ ಮತ್ತೆ ಆ ಭಾಗಕ್ಕೇ ಹೋಗಿ ನಿಲ್ಲಿಸಿದರು. "ಮೇಷ್ಟ್ರೇ, ಚಿತ್ರ ಬಿಡಿಸೋರು ನೀವು. ಆ ಹುಲ್ಲು ನೋಡಿ ಹೇಳಿ."

ಮೇಷ್ಟ್ರು ನೋಡಿದರು. ಒಂದು ಎಸಳೂ ಬಾಗಿರಲಿಲ್ಲ. ಎಸಳುಗಳೆಲ್ಲ ನೆಟ್ಟಗೆ ನಿಂತಿದ್ದವು.

ಪುಟ್ಟಿ ತಲೆ ತಗ್ಗಿಸಿದಳು. "ಅವತ್ತು ಗಾಳಿ ಇರಲಿಲ್ಲ ದೊಡ್ಡಮ್ಮ. ಏಳನೇ ದಿನದ ಮೌನ ಸಪ್ಪೆಯಾಗಿತ್ತು. ಮೊದಲ ಹತ್ತು ಸೆಕೆಂಡ್ ಕೇಳಿ ಬಿಟ್ಟುಬಿಟ್ಟೆ. ಎಂಟನೇ ದಿನದ ಗಾಳಿ ತಂದು ಹಾಕಿದೆ. ಇಲ್ಲಾಂದ್ರೆ ಹತ್ತೋದು ಕಷ್ಟ ಅಂತ ಅನ್ನಿಸ್ತಿರಲಿಲ್ಲ."

"ನಾನೂ ನೂರು ಸಲ ಹಾಕಿದೀನಿ, ಬಿಡು," ಎಂದರು ದೊಡ್ಡಮ್ಮ. ನಂತರ ಒಂದೊಂದೇ ಕೇಳುತ್ತ ಹೋದರು. ಏಳನೇ ದಿನದ ಬಗ್ಗೆ ಸಂಚಾರಿ ಏನಾದರೂ ಹೇಳಿದ್ದನೇ? ಹೇಳಿದ್ದ. ಆ ದಿನದ್ದು ಚೆನ್ನಾಗಿ ಬಂದಿಲ್ಲ, ಅದೊಂದನ್ನು ಚಾನೆಲ್ಲಿಗೆ ಕೊಡುವುದು ಬೇಡ ಎಂದಿದ್ದ. ಹನ್ನೊಂದೂ ದಿನದ್ದು ಕೊಡಬೇಕೆಂಬ ಷರತ್ತನ್ನು ಪುಟ್ಟಿ ನೆನಪಿಸಿದ ಮೇಲೆ ಗೊಣಗಿಕೊಂಡು ಸುಮ್ಮನಾಗಿದ್ದ. ಮೇಷ್ಟ್ರ ಕಿವಿ ನಿಮಿರಿತು. ಕಳ್ಳ ಸಿಕ್ಕ ಎಂದು ಅವರ ಲೆಕ್ಕ. ದೊಡ್ಡಮ್ಮ ಮಾತ್ರ ಮುಂದಿನ ಪ್ರಶ್ನೆಗೆ ಹೋದರು: ಈ ಚಿತ್ರವನ್ನು ಇದುವರೆಗೆ ಯಾರು ಯಾರು ನೋಡಿದ್ದಾರೆ?

ಸಂಚಾರಿ ಮತ್ತು ಭಾಮೈದ ಬಿಟ್ಟರೆ ನೋಡಿದವಳು ಸಂಚಾರಿಯ ಹೆಂಡತಿ ಒಬ್ಬಳೇ ಎಂದಳು ಪುಟ್ಟಿ. ಅದು ಪುಟ್ಟಿಯದೇ ಒಂದು ಪದ್ಧತಿ. ಎಡಿಟ್ ಮುಗಿದ ಮೇಲೆ, ಪ್ರವಾಸಕ್ಕೆ ಹೋಗದ ಒಬ್ಬರನ್ನು ಕೂರಿಸಿ, ಸದ್ದು ಪೂರ್ತಿ ಆರಿಸಿ, ಬರೀ ಚಿತ್ರ ತೋರಿಸುತ್ತಾಳೆ. ಮಾತು, ಸಂಗೀತ ಏನೂ ಇಲ್ಲದೆ ಕತೆ ಅವರಿಗೆ ಮುಟ್ಟಿದರೆ ಎಡಿಟ್ ಗಟ್ಟಿ ಎಂದರ್ಥ. ಮೊನ್ನೆ ಮಧ್ಯಾಹ್ನ ಹಾಗೆ ತೋರಿಸಿದ್ದಳು.

"ಅಕ್ಕ ಬೆಟ್ಟ ಹತ್ತೋ ಭಾಗನ ಇನ್ನೊಂದು ಸಲ ಹಾಕು ಅಂದ್ರು. ಎರಡನೇ ಸಲ ಕಣ್ಣಲ್ಲಿ ನೀರು ಬಂತು. ಚಹಾನೂ ಕುಡೀದೆ ಎದ್ದುಹೋದ್ರು. ನನಗೆ ಖುಷಿಯಾಯ್ತು, ಎಡಿಟ್ ಗಟ್ಟಿಯಾಗಿದೆ ಅಂತ."

ದೊಡ್ಡಮ್ಮ 'ಮೌನ'ದ ಡಬ್ಬಿಯಿಂದ ಏಳನೇ ದಿನದ ಕಾರ್ಡು ತೆಗೆಸಿ ಹೆಡ್‌ಫೋನು ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಮೇಷ್ಟ್ರ ಕಿವಿಗೆ ಹಾಕಿದರು. ದೂರದಲ್ಲೊಂದು ಹಕ್ಕಿ, ಮತ್ತೇನಿಲ್ಲ. ನಿಮಿಷದ ಕೊನೆಗೆ ಸಂಚಾರಿಯ ದನಿ ಹೇಳಿತು: "ಏಳನೇ ದಿನ. ಬೆಟ್ಟದ ಬುಡ." ಅಷ್ಟಕ್ಕೆ ದೊಡ್ಡಮ್ಮ ಹೆಡ್‌ಫೋನನ್ನು ಕಸಿದುಕೊಂಡು ಉಳಿದದ್ದನ್ನು ತಾವೊಬ್ಬರೇ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಮೆತ್ತಗಾಯಿತು. ಏನೆಂದು ಕೇಳಿದರೆ, ಪರದೆಯ ಮೇಲಿನ ಆ ಬೆನ್ನನ್ನು ನೋಡಿ ನಡಿಗೆ ಬಿಡಿಸಿ ಕೊಡಿ, ಹೊರಗೆ ಸಂಚಾರಿ ಓಡಾಡುತ್ತಿದ್ದಾನಲ್ಲ, ಅವನದೂ ಒಂದು ಬೇಕು ಎಂದರು. ಮೇಷ್ಟ್ರು ಹಲ್ಲು ಕಚ್ಚಿ ಬಿಡಿಸಿದರು. ಮಗಳ ಬದುಕು ತೂಗುಯ್ಯಾಲೆಯಲ್ಲಿರುವಾಗ ಈ ಮುದುಕಿಗೆ ಚಿತ್ರಕಲೆ ಬೇಕಾಗಿದೆ ಎಂದು ಒಳಗೊಳಗೇ ಬೈದುಕೊಂಡರು.

ಮೂರು ಗಂಟೆಗೆ ದೊಡ್ಡಮ್ಮ ಎಲ್ಲರನ್ನೂ ಒಳಕೋಣೆಗೆ ಕರೆಸಿದರು. ಸಂಚಾರಿ ಕುರ್ಚಿಯ ತುದಿಯಲ್ಲಿ ಕೂತ. ಹೆಂಡತಿ ಬಾಗಿಲ ಹತ್ತಿರ, ಭಾಮೈದ ಕಿಟಕಿಯ ಹತ್ತಿರ. ಪುಟ್ಟಿ ಕಂಪ್ಯೂಟರಿನ ಮುಂದೆ. ಮೇಷ್ಟ್ರು ಮಗಳ ಹಿಂದೆ ಹೋಗಿ ನಿಂತರು.

ದೊಡ್ಡಮ್ಮ ಮೇಷ್ಟ್ರ ನೋಟ್‌ಬುಕ್ಕಿನ ಮೂರು ಹಾಳೆ ಮೇಜಿನ ಮೇಲೆ ಹರಡಿದರು. ಒಂದು, ಬೆಳಗ್ಗೆ ಕೋಣೆಗೆ ಬಂದ ಭಾಮೈದ. ಇನ್ನೊಂದು, ಫೋನು ಹಿಡಿದು ಓಡಾಡುವ ಸಂಚಾರಿ. ಮೂರನೆಯದು, ಬೆಟ್ಟ ಹತ್ತುವ ಕೆಂಪು ಜಾಕೆಟ್ಟು. ಹೇಳುವುದೇ ಬೇಕಿರಲಿಲ್ಲ. ಬೆಟ್ಟ ಹತ್ತುವವನ ಬಲಗಾಲು ಹೊರಕ್ಕೆ ಎಸೆದಂತಿತ್ತು, ಥೇಟ್ ಭಾಮೈದನ ಹಾಗೆ. ಬಿಡಿಸಿದವರೇ ಆದರೂ ಮೇಷ್ಟ್ರಿಗೆ ಅದು ಕಂಡದ್ದು ಆಗಲೇ. ಮಗಳ ಚಿಂತೆಯಲ್ಲಿ ಅವರ ಕಣ್ಣು ಗೆರೆ ನೋಡಿತ್ತೇ ಹೊರತು ಮನುಷ್ಯನನ್ನು ನೋಡಿರಲಿಲ್ಲ.

ಸಂಚಾರಿಯ ಮುಖ ಬಿಳಿಚಿತು.

"ಬೆಟ್ಟ ಹತ್ತಿದ್ದು ನೀವಲ್ಲ," ಎಂದರು ದೊಡ್ಡಮ್ಮ. "ಹುಲ್ಲು ನಿಂತಿದೆ, ಗಾಳಿ ಕೂಗ್ತಿದೆ. ಆ ಸದ್ದು ಬೇರೆ ದಿನದ್ದು ಅಂತ ಗೊತ್ತಾಯ್ತು. ಹಾಗಾದ್ರೆ ಆ ದಿನದ ಸದ್ದು ಎಲ್ಲಿ ಅಂತ ಹುಡುಕಿದೆ. ದಿನ, ಜಾಗ ಹೇಳೋದು ಯಾವಾಗಲೂ ಕ್ಯಾಮೆರಾ ಹಿಡಿದೋನು. ಅವತ್ತು ಹೇಳಿದ್ದು ನೀವು. ಅಂದ್ರೆ ಕ್ಯಾಮೆರಾ ಜೊತೆ ಕೆಳಗೆ ನಿಂತಿದ್ದು ನೀವು, ನಿಮ್ಮ ಜಾಕೆಟ್ ಹಾಕ್ಕೊಂಡು ಮೇಲೆ ಹೋಗಿದ್ದು ಇವನು."

ಭಾಮೈದ ಕಿಟಕಿಯಾಚೆ ನೋಡುತ್ತ, ಭಾವ ಕೇಳಿಕೊಂಡರು, ಹತ್ತಿದೆ, ಅದರಲ್ಲೇನಿದೆ ಎಂದ.

"ಹಾಗಾದ್ರೆ ಡಿಸ್ಕ್ ಬಚ್ಚಿಟ್ಟಿದ್ದೂ ಇವರೇ," ಎಂದರು ಮೇಷ್ಟ್ರು, ತಡೆಯಲಾಗದೆ, ಸಂಚಾರಿಯ ಕಡೆ ಕೈ ತೋರಿಸಿ.

ದೊಡ್ಡಮ್ಮ ಅಲ್ಲವೆಂದು ತಲೆಯಾಡಿಸಿದರು. ಬೆಳಗ್ಗೆಯಿಂದ ತಮ್ಮನ್ನು ಕಾಡಿದ್ದು ಹೋದ ವಸ್ತುವಲ್ಲ, ಉಳಿದ ವಸ್ತು ಎಂದರು. ಒಬ್ಬೊಬ್ಬರನ್ನೇ ತೆಗೆದುಕೊಂಡು ಬಿಡಿಸಿ ಹೇಳಿದರು. ಸಂಚಾರಿಗೆ ಮುಚ್ಚಿಡಬೇಕಾಗಿದ್ದದ್ದು ಒಂದೇ ದಿನ. ಕೆಲಸ ಗೊತ್ತಿರುವ ಅವನು ಅದೊಂದನ್ನು ಅಳಿಸುತ್ತಿದ್ದ, ಎಲ್ಲವನ್ನೂ ಕದ್ದು ಚಾನೆಲ್ಲನ್ನೇ ಕಳೆದುಕೊಳ್ಳುತ್ತಿರಲಿಲ್ಲ. ಅದೂ ಅಲ್ಲದೆ ತನ್ನದೇ ದನಿಯಿರುವ ಕಾರ್ಡು ಆ ತಗಡಿನ ಡಬ್ಬಿಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ಬಿಟ್ಟುಹೋಗುವಷ್ಟು ದಡ್ಡನಲ್ಲ. ಭಾಮೈದ ಆ ಯಂತ್ರವನ್ನು ಹತ್ತು ದಿನ ಕೈಯಲ್ಲಿ ಹಿಡಿದವನು, ಅವನೂ ಮರೆಯಲಾರ. ಪುಟ್ಟಿಯಂತೂ ಡಬ್ಬಿಗೆ ಹೆಸರಿಟ್ಟವಳೇ. ಸೇಡಿಗೆಂದು ಕದ್ದಿದ್ದರೆ ಸದ್ದನ್ನೂ ಸೇರಿಸಿ ಒಯ್ದಿರುತ್ತಿದ್ದಳು.

"ಈ ಗುಟ್ಟನ್ನ ಕಣ್ಣಿನಿಂದ ಮಾತ್ರ ಕಂಡವರು ಒಬ್ಬರೇ. ಸದ್ದಿಲ್ಲದೆ ಚಿತ್ರ ನೋಡಿದವರು. ಸದ್ದು ಅಂತ ಬೇರೆ ಒಂದು ಇದೆ ಅನ್ನೋದೇ ಅವರ ತಲೆಗೆ ಬರಲಿಲ್ಲ. ಕೀ ಮನೇಲೇ ತೂಗಾಡ್ತಿತ್ತು." ದೊಡ್ಡಮ್ಮ ಬಾಗಿಲ ಕಡೆ ತಿರುಗಿದರು. ದನಿಯಲ್ಲಿ ಗದರಿಕೆ ಇರಲಿಲ್ಲ. "ತಮ್ಮನ ನಡಿಗೆ ಅಕ್ಕನಿಗೆ ಬೆನ್ನಿಂದಲೇ ಗೊತ್ತಾಗುತ್ತೆ. ಅಲ್ವೇನಮ್ಮ?"

ಸಂಚಾರಿಯ ಹೆಂಡತಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ಆ ಕಾಲು ಮುರಿದಾಗ ಅವನಿಗೆ ಒಂಬತ್ತು ವರ್ಷ. ನಾನೇ ಎತ್ತಿಕೊಂಡು ಓಡಾಡಿಸಿದ್ದು. ಡಾಕ್ಟ್ರು ಎತ್ತರ ಹತ್ತಬಾರದು ಅಂದಿದ್ರು, ಇವರಿಗೂ ಗೊತ್ತು. ಕಾಲು ಜಾರಿದ್ರೆ ಏನ್ ಗತಿ? ಇವರಿಗೆ ಎಲ್ಲರೂ ಚಪ್ಪಾಳೆ ತಟ್ಟೋದನ್ನ ನಾನು ಕೂತು ನೋಡಬೇಕಾ? ಕೇಳೋಣ ಅಂದ್ರೆ ಗಂಡ, ಬಿಡೋಣ ಅಂದ್ರೆ ತಮ್ಮ. ಡಿಸ್ಕ್ ಇಲ್ಲದೆ ಚಾನೆಲ್ಲಿನವರು ಚಿತ್ರ ತಗೊಳ್ಳಲ್ಲ, ಅದು ಹೊರಗೆ ಹೋಗದಿದ್ರೆ ಸಾಕು ಅನ್ನಿಸ್ತು." ಆಕೆ ಪುಟ್ಟಿಯ ಕಡೆ ನೋಡಲಾರದೆ ನೋಡಿದಳು. "ನಿನ್ನ ಮೇಲೆ ಬರುತ್ತೆ ಅಂತ ಯೋಚನೆ ಮಾಡಲಿಲ್ಲ. ಬಂದ ಮೇಲೆ ಬಾಯಿ ಬಿಡೋಕಾಗಲಿಲ್ಲ."

ಡಿಸ್ಕ್ ಎರಡೂ ಆಕೆಯ ಬೀರುವಿನಲ್ಲಿ, ಮಡಿಚಿದ ಸೀರೆಗಳ ನಡುವೆ ಇದ್ದವು. ಭಾಮೈದ ಹೋಗಿ ತಂದ. ಬಂದವನು ಅಕ್ಕನ ಪಕ್ಕದಲ್ಲೇ ನೆಲದ ಮೇಲೆ ಕೂತು, ಏನೂ ಆಗಿಲ್ಲ ಕಣೇ, ನೋಡು, ಕಾಲು ಇಲ್ಲೇ ಇದೆ ಎಂದ. ಆಕೆ ಅವನ ಬೆನ್ನಿಗೊಂದು ಗುದ್ದಿ ಅತ್ತಳು.

ಪುಟ್ಟಿ ಅದನ್ನು ನೋಡುತ್ತ ನಿಂತಿದ್ದಳು. ಕರಗಿದಳೆಂದು ಮೇಷ್ಟ್ರು ಅಂದುಕೊಂಡರು. ಅವಳು ಕರಗಿರಲಿಲ್ಲ. "ಅಕ್ಕ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ಬೆಳಗ್ಗೆಯಿಂದ ನಮ್ಮಪ್ಪ ಒಂದು ತುತ್ತು ತಿಂದಿಲ್ಲ," ಎಂದಳು. ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಸಂಚಾರಿ ಮಾತ್ರ ಇನ್ನೂ ಕುರ್ಚಿಯ ತುದಿಯಲ್ಲೇ ಇದ್ದ. ಡಿಸ್ಕ್ ಸಿಕ್ಕಿದರೂ ಅವನ ಪಾಲಿಗೆ ಅದು ಬಿಸಿತುಪ್ಪ. ಕೊಟ್ಟರೆ ಮಾನ ಹೋಗುತ್ತದೆ, ಕೊಡದಿದ್ದರೆ ಚಿತ್ರ ಹೋಗುತ್ತದೆ. ಇನ್ನೇನು ಉಳಿಯಿತು, ಅವರಿಗೆ ಫೋನು ಮಾಡಿ ಬರಬೇಡಿ ಅನ್ನುತ್ತೇನೆ ಎಂದು ಎದ್ದ. ಮೇಷ್ಟ್ರಿಗೆ ಸಿಡಿಲು ಬಡಿದಂತಾಯಿತು. ಕಳ್ಳಿ ಎಂಬ ಹೆಸರು ಹೋಯಿತು, ಸರಿ. ಆದರೆ ನಾಲ್ಕು ತಿಂಗಳ ಕೆಲಸವೂ ಮಣ್ಣುಪಾಲಾದರೆ ಮಗಳಿಗೆ ಉಳಿಯುವುದೇನು?

"ಕೂತ್ಕೊಳ್ಳಿ. ನಿಮ್ಮ ಮೌನ ಪೂರ್ತಿ ಕೇಳಿ ಆಮೇಲೆ ಫೋನ್ ಮಾಡಿ," ಎಂದು ದೊಡ್ಡಮ್ಮ ಹೆಡ್‌ಫೋನಿನ ತಂತಿ ಕಿತ್ತರು. ಸದ್ದು ಕೋಣೆಗೆಲ್ಲ ಕೇಳಿಸಿತು.

ದೂರದ ಹಕ್ಕಿ. ಏಳನೇ ದಿನ, ಬೆಟ್ಟದ ಬುಡ ಎಂಬ ಮಾತು. ಯಂತ್ರ ನಿಲ್ಲಿಸುವುದು ಯಾವಾಗಲೂ ಭಾಮೈದನ ಕೆಲಸ, ಅವತ್ತು ಸಂಚಾರಿ ಅದನ್ನು ನಿಲ್ಲಿಸಲು ಮರೆತಿದ್ದ. ಯಾರೂ ಕೇಳುತ್ತಿಲ್ಲ ಎಂದುಕೊಂಡು ಒಬ್ಬನೇ ಮಾತಾಡಿಕೊಂಡಿದ್ದ: "ಎತ್ತರ ನೋಡಿದ್ರೆ ನಂಗೆ ಕೈಕಾಲು ನಡುಗುತ್ತೆ, ಯಾರಿಗೆ ಹೇಳ್ಲಿ... ನಿಧಾನ ಕಣೋ, ನಿಧಾನ. ಬಲಗಾಲು ನೋಡ್ಕೊಂಡು ಇಡು. ನಾನು ಎಂಥ ಪಾಪಿ. ಅವನು ಹುಷಾರಾಗಿ ಇಳಿದು ಬರಲಿ, ಸಾಕು. ಇಳಿದು ಬರಲಿ." ಮಾತು ಅಳುವಾಗಿ, ಅಳು ಮತ್ತೆ ಬರಿಯ ಉಸಿರಾಗಿ ಮುಗಿಯಿತು.

ಹೆಂಡತಿ ಗಂಡನನ್ನು ದಿಟ್ಟಿಸಿದಳು. ಅವನು ಅಂಗೈಯಿಂದ ಕಣ್ಣು ಮುಚ್ಚಿಕೊಂಡಿದ್ದ.

ಪುಟ್ಟಿ ಆಗಲೇ ಕಂಪ್ಯೂಟರಿಗೆ ಡಿಸ್ಕ್ ಸಿಕ್ಕಿಸುತ್ತಿದ್ದಳು. "ಸರ್, ಇದನ್ನ ಬಿಟ್ಟು ನಾನು ಬೇರೆ ದಿನದ ಗಾಳಿ ಹಾಕಿದೀನಿ. ತಪ್ಪು ನಂದೂ ಇದೆ. ಗಾಳಿ ತೆಗೆದು ನಿಮ್ಮ ಈ ಮಾತು ಹಾಕ್ತೀನಿ. ಈ ಅಣ್ಣ ಮೇಲೆ ಹತ್ತುತ್ತಾ ಇರ್ತಾರೆ, ನೀವು ಕೆಳಗೆ ನಡುಗ್ತಾ ಇರ್ತೀರ. ಅವರು ನಿಜ ಬೇಕು ಅಂದಿದಾರೆ, ಕೊಡೋಣ. ನೀವು ಹೂಂ ಅನ್ನಬೇಕು."

ಗೋಡೆಯ ಗಡಿಯಾರದಲ್ಲಿ ಮೂರೂವರೆ. ಕಡೆಗೆ ಭಾಮೈದ ಎದ್ದು ಬಂದು ಭಾವನ ಹೆಗಲ ಮೇಲೆ ಕೈಯಿಟ್ಟು, "ಹಾಕ್ಲಿ ಬಿಡಿ ಭಾವ," ಎಂದ. ಸಂಚಾರಿ ಹೂಂ ಎಂದ.

ಒಂದೂವರೆ ಗಂಟೆ ಪುಟ್ಟಿಯ ಬೆರಳು ನಿಲ್ಲಲಿಲ್ಲ. ದೊಡ್ಡಮ್ಮ ಅವಳ ಹಿಂದೆ ನಿಂತು ಒಂದೆರಡು ಸಲ ಮಾತ್ರ, ಇಲ್ಲಿ ಕತ್ತರಿಸಬೇಡ, ಉಸಿರು ಮುಗಿಯಲಿ ಎಂದರು. ಮೇಷ್ಟ್ರು ಕಾರಿಡಾರಿನಲ್ಲಿ ಹೆಜ್ಜೆ ಎಣಿಸುತ್ತ, ಲಿಫ್ಟಿನ ಸದ್ದಾದಾಗಲೆಲ್ಲ ಬೆಚ್ಚುತ್ತ ಕಳೆದರು.

ಐದಕ್ಕೆ ಸರಿಯಾಗಿ ಚಾನೆಲ್ಲಿನ ಹೆಂಗಸು ಬಂದಳು. ಕೂರಲು ಪುರುಸೊತ್ತಿಲ್ಲ, ಮಧ್ಯದಿಂದ ಐದು ನಿಮಿಷ ತೋರಿಸಿ ಸಾಕು ಎಂದಳು. ಪುಟ್ಟಿ ಏಳನೇ ದಿನ ಹಾಕಿದಳು. ಐದು ನಿಮಿಷ ಹತ್ತಾಯಿತು. ನಿಂತಿದ್ದವಳು ಯಾವಾಗ ಕೂತಳೋ ಯಾರೂ ಗಮನಿಸಲಿಲ್ಲ. ಮುಗಿದ ಮೇಲೆ ಆಕೆ ಸಂಚಾರಿಯ ಕಡೆ ತಿರುಗಿ, ಇದನ್ನು ಎಡಿಟ್ ಮಾಡಿದ್ದು ಯಾರು ಎಂದು ಕೇಳಿದಳು.

ಸಂಚಾರಿ ಗಂಟಲು ಸರಿಮಾಡಿಕೊಂಡ. ಪುಟ್ಟಿ ಅವನಿಗಾಗಿ ಕಾಯಲಿಲ್ಲ.

"ನಾನು," ಎಂದಳು.

"ಹೆಸರು ಹೇಳಿ, ಬರ್ಕೋತೀನಿ."

ಮೇಷ್ಟ್ರ ಮಗಳು ಬಿಡಿಬಿಡಿಯಾಗಿ ತನ್ನ ಪೂರ್ತಿ ಹೆಸರು ಹೇಳಿದಳು. ಬೆಳಗ್ಗೆ ಅದೇ ಕೋಣೆಯಲ್ಲಿ ಅವಳನ್ನು ಕಳ್ಳಿ ಎಂದವನು ಪಕ್ಕದಲ್ಲೇ ನಿಂತು, ಹೌದು, ಅವಳೇ ಎಂದು ತಲೆಯಾಡಿಸಿದ. ಮೇಷ್ಟ್ರು ಅತ್ತರು. ಮರೆಮಾಚುವ ಗೋಜಿಗೆ ಹೋಗದೆ ಎಲ್ಲರೆದುರೇ ಅತ್ತರು. ದೊಡ್ಡಮ್ಮ ಅವರ ತೋಳು ಹಿಡಿದು, "ನಡೀರಿ ಮೇಷ್ಟ್ರೇ, ಅವಳಿಗಿನ್ನೂ ಕೆಲಸ ಇದೆ," ಎಂದು ಮೆಟ್ಟಿಲ ಕಡೆಗೆ ಕರೆದುಕೊಂಡು ಹೋದರು.